ಅಂಗೈ ಕೆಳಗಿನ ಗುಟುಕು

ಮೆಲ್ಲಗೆ, ಮೆಲ್ಲಗೆ. ಆ ಮಾತನ್ನ ಬೀದಿಯ ನಡುವೆ ನಿಂತು ಕೇಳುತ್ತಾರೇನಪ್ಪ? ಇತ್ತ ಬಾ, ಈ ಗೋಡೆಯ ಮಗ್ಗುಲಿಗೆ. ಚೀಲ ಕೆಳಗಿಡು. ಆ ಎದುರು ಮನೆಯ ಕಿಟಕಿ ಮುಚ್ಚಿದೆಯಾ ನೋಡು, ನನಗೆ ಅಷ್ಟು ದೂರ ಕಾಣಿಸುವುದಿಲ್ಲ. ಮುಚ್ಚಿದೆಯಾ? ಸರಿ. ಈಗ ನಾನು ಹೇಳೋದು ನಿನ್ನ ಕಿವಿಗೆ ಮಾತ್ರ. ನಿನ್ನ ಹೆಂಡತಿಗೂ ಹೇಳಕೂಡದು, ಹೆಂಡತಿಗಂತೂ ಹೇಳಲೇಕೂಡದು. ಹೆತ್ತ ತಾಯಿಯ ಮೇಲೆ ಆಣೆ ಇಡು. ಇಟ್ಟೆಯಾ? ಹಾಗಾದರೆ ಕೇಳು.

ಈ ಊರಲ್ಲಿ ಒಳ್ಳೆ ಕಾಫಿ ಎಲ್ಲಿ ಸಿಗುತ್ತದೆ ಅಂತ ಕೇಳಬಾರದು. ಕೇಳಿದರೂ ಯಾರೂ ಹೇಳುವುದಿಲ್ಲ. ನಿನ್ನ ಮುಖ ನೋಡಿ, ತುಟಿಯ ಮೇಲೆ ಒಂದು ಬೆರಳಿಟ್ಟು, ಗೊತ್ತಿಲ್ಲ ಅನ್ನುತ್ತಾರೆ. ಬೆಳಗಿನಿಂದ ನೀನು ಯಾರು ಯಾರನ್ನ ಕೇಳಿದೆಯೋ ಎಲ್ಲರೂ ಬೆರಳಿಟ್ಟಿರಬೇಕು. ಕೆಟ್ಟ ಜನ ಅಂದುಕೊಂಡೆಯಾ? ಕೆಟ್ಟ ಜನವೇ. ಆದರೆ ಬೆರಳಿಟ್ಟದ್ದು ಅದಕ್ಕಲ್ಲ.

ಬೋರ್ಡು ಹಾಕಿದ ಅಂಗಡಿಗಳು ಬೀದಿಗೊಂದಿವೆ. ಅಲ್ಲಿಗೆ ಹೋಗಿ ಬಂದಿದ್ದೀಯ, ಗೊತ್ತಾಯಿತು, ಮೀಸೆಯ ಮೇಲೆ ನೊರೆ ಇನ್ನೂ ಇದೆ. ಮದುವೆಮನೆಯ ಬಾಗಿಲಲ್ಲಿ ಕೊಡುತ್ತಾರಲ್ಲ, ಲೋಟದ ತುಂಬ ನೊರೆ, ನೊರೆಯ ಮೇಲೆ ಕಂದು ಪುಡಿ, ಅಡಿಯಲ್ಲಿ ಬಿಸಿ ಹಾಲು, ಅದಕ್ಕೊಂದು ಎಸ್ಪ್ರೆಸೊ ಅಂತ ಹೆಸರು. ಅದು ಬೋರ್ಡಿನ ಕಾಫಿ. ನಿಜವಾದದ್ದಕ್ಕೆ ಬೋರ್ಡಿಲ್ಲ. ನಿಜವಾದದ್ದು ಬೆರಳೆತ್ತರದ ಲೋಟದಲ್ಲಿ ಬರುತ್ತದೆ. ಕಪ್ಪಗೆ, ಮಂದವಾಗಿ, ಮೇಲೆ ಜೇನಿನ ಬಣ್ಣದ ಕೆನೆ. ಚಿಟಿಕೆ ಸಕ್ಕರೆ ಉದುರಿಸಿದರೆ ಆ ಕೆನೆಯ ಮೇಲೆ ಒಂದು ಗಳಿಗೆ ನಿಂತು ಯೋಚನೆ ಮಾಡಿ ಆಮೇಲೆ ಮುಳುಗುತ್ತದೆ. ನಾವು ಅದಕ್ಕೆ ಗುಟುಕು ಅನ್ನುತ್ತೇವೆ. ಎರಡು ಸಲ ತುಟಿಗೆ ಇಟ್ಟರೆ ಮುಗಿದುಹೋಯಿತು. ಆದರೆ ಆ ರುಚಿ ಮಧ್ಯಾಹ್ನದ ಊಟದವರೆಗೂ ನಾಲಿಗೆಯ ಮೇಲೆ ಕೂತಿರುತ್ತದಂತೆ. ಅಂತೆ ಅಂದೆ. ನಾನು ಕುಡಿದಿಲ್ಲ. ಆ ಸಂಗತಿಗೆ ಆಮೇಲೆ ಬರುತ್ತೇನೆ.

ನನ್ನ ಕೈ ಯಾಕೆ ಹಾಗೆ ನೋಡುತ್ತೀ? ಹೌದು, ಇದರ ಕೆಳಗೆ ಇರುವುದು ಅದೇ. ಬೆರಳ ತುದಿಯಲ್ಲಿ ಲೋಟದ ಸುತ್ತ ಹಿಡಿದು ಅಂಗೈಯನ್ನೇ ಮುಚ್ಚಳ ಮಾಡಬೇಕು, ಅದು ಇಲ್ಲಿಯ ಪದ್ಧತಿ. ಎರಡು ಕೈಯಲ್ಲಿ ಎರಡು ಲೋಟ ತಂದೆ. ಒಂದನ್ನು ನಮ್ಮ ಮನೆಯಲ್ಲಿ ಕೊಟ್ಟು ಬಂದೆ. ಇದು ಪಕ್ಕದ ಮನೆಯಾಕೆಗೆ. ಅಂಗೈ ಇನ್ನೂ ಸುಡುತ್ತಿದೆ, ಆರಲು ಸ್ವಲ್ಪ ಹೊತ್ತಿದೆ, ಬೇಗ ಹೇಳಿ ಮುಗಿಸುತ್ತೇನೆ.

ಈ ಊರಿಗೆ ಒಂದು ಕಟ್ಟಳೆ ಇದೆ. ಯಾರು ಹಾಕಿದ್ದೋ ಗೊತ್ತಿಲ್ಲ, ನಮ್ಮಜ್ಜಿಯ ಅಜ್ಜಿಗೂ ಗೊತ್ತಿರಲಿಲ್ಲ. ಗುಟುಕಿನ ಅಂಗಡಿಗೆ ದಾರಿ ತೋರಿಸಿದವರಿಗೆ ಆ ದಾರಿ ಮರೆತುಹೋಗುತ್ತದೆ. ಬಾಯಲ್ಲಿ ಹೇಳಿದರೂ ಸರಿ, ಬೆರಳಲ್ಲಿ ತೋರಿಸಿದರೂ ಸರಿ, ಬೆನ್ನ ಹಿಂದೆ ಬರಲು ಬಿಟ್ಟರೂ ಸರಿ. ನಿನ್ನೆಯವರೆಗೆ ಬಾಗಿಲು ಇದ್ದ ಕಡೆ ಇವತ್ತು ಗೋಡೆ. ಕಾಲು ತಾನೇ ತಿರುಗುತ್ತಿದ್ದ ಮೂಲೆಯಲ್ಲಿ ಇವತ್ತು ಮೂಲೆಯೇ ಇಲ್ಲ. ಮೊದಲು ಬಾಗಿಲು, ಆಮೇಲೆ ಗೋಡೆ. ಸಾಯುವವರೆಗೂ ಗೋಡೆ.

ಹಾಗಾದರೆ ಯಾರಾದರೂ ಯಾಕೆ ತೋರಿಸುತ್ತಾರೆ ಅಂತೀಯಾ? ತೋರಿಸುತ್ತಾರೆ. ಮಂಡಿ ಸೋತಾಗ, ಕಣ್ಣು ಮಂಜಾದಾಗ, ಇನ್ನು ನಡೆದು ಹೋಗಲಾರೆ ಅನಿಸಿದಾಗ, ತಾಯಿ ಮಗಳಿಗೆ ದಾರಿ ಕೊಡುತ್ತಾಳೆ. ಅತ್ತೆ ಸೊಸೆಗೆ ಕೊಡುತ್ತಾಳೆ. ಗಂಡ ಹೆಂಡತಿಗೆ ಕೊಡುತ್ತಾನೆ. ಬೆಳಗ್ಗೆ ಸ್ನಾನ ಮಾಡಿ, ಹಣೆಗೆ ಇಟ್ಟುಕೊಂಡು, ಕಿವಿಯಲ್ಲಿ ಹೇಳುತ್ತಾರೆ. ಹೇಳಿದ ಗಳಿಗೆಯಲ್ಲೇ ಕೊಟ್ಟವರ ಕಣ್ಣಲ್ಲಿ ನೀರು ಬರುತ್ತದೆ, ಅದು ದಾರಿ ಹೋಗುವಾಗ ಬರುವ ನೀರು. ಪಡೆದವರು ಅವತ್ತಿನಿಂದ ದಿನಾ ಬೆಳಗ್ಗೆ ಹೋಗಿ ತಾವೊಂದು ಗುಟುಕು ಕುಡಿದು, ಕೊಟ್ಟವರಿಗೆ ಒಂದನ್ನು ಅಂಗೈ ಮುಚ್ಚಿ ತರಬೇಕು. ಬಿಸಿ ಇರುವಾಗಲೇ ತರಬೇಕು. ಅದೊಂದೇ ಅವರಿಗೆ ಉಳಿಯುವುದು. ಹೀಗೆ ಊರಿನ ಅರ್ಧ ಜನ ಬೆಳಗ್ಗೆ ಅಂಗೈ ಮುಚ್ಚಿಕೊಂಡು ಓಡುತ್ತಿರುತ್ತಾರೆ, ಉಳಿದರ್ಧ ಕಿಟಕಿಯಲ್ಲಿ ಕೈ ಚಾಚಿ ಕೂತಿರುತ್ತಾರೆ.

ನನಗೆ ಯಾರೂ ಕೊಡಲಿಲ್ಲ.

ತಾಯಿ ತಂಗಿಗೆ ಕೊಟ್ಟಳು. ಅತ್ತೆ ತನ್ನ ಮಗನಿಗೆ ಕೊಟ್ಟರು, ಅಂದರೆ ನಮ್ಮ ಯಜಮಾನರಿಗೆ. ಸೊಸೆ ಕಣ್ಣೆದುರು ಕೂತಿರುವಾಗ ಮಗನಿಗೆ ಕೊಟ್ಟ ಅತ್ತೆ ಈ ಊರಲ್ಲಿ ಅವರೊಬ್ಬರೇ. ಅದೂ ನನಗೆ ತಿಳಿಯದ ಹಾಗೆ. ತಮಗೆ ದಾರಿಯೇ ಇರಲಿಲ್ಲ, ತಮ್ಮ ಅತ್ತೆ ಕೊಡದೇ ಸತ್ತರು ಅಂತ ನನ್ನ ಹತ್ತಿರ ಹೇಳಿ ಕಣ್ಣೀರನ್ನೇ ಹಾಕಿದ್ದರು. ನಾನು ನಂಬಿದೆ. ನಂಬಿ, ಆ ಮುದುಕಿಯ ಅತ್ತೆ ಎಂಥ ಜುಗ್ಗಿ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದೆ.

ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ ನಮ್ಮ ಯಜಮಾನರು ಬೆಳಗ್ಗೆ ಪೂಜೆಗೆ ಹೂ ತರುತ್ತೇನೆ ಅಂತ ಹೋಗತೊಡಗಿದರು. ಹೂ ತರುತ್ತಲೂ ಇದ್ದರು, ಹೂವಿನ ಬುಟ್ಟಿ ಹಿಡಿದು ಮೊದಲು ಅತ್ತೆಯ ಕೋಣೆಗೆ ಹೋಗಿ ಬರುತ್ತಿದ್ದರು. ಆದರೆ ಬಂದ ಮೇಲೆ ಊಟದ ಹೊತ್ತಿನವರೆಗೆ ಬಾಯಿ ಬಿಡುತ್ತಿರಲಿಲ್ಲ. ಕೇಳಿದರೆ ತಲೆ ಆಡಿಸುವರು. ಬೈದರೂ ತಲೆ ಆಡಿಸುವರು. ನನ್ನ ಗಂಡ ಬೆಳಗಿನ ಹೊತ್ತು ಮೂಗ, ಯಾವಳದೋ ಹೆಸರಲ್ಲಿ ವ್ರತ ಹಿಡಿದಿರಬೇಕು ಅಂತ ನಾನೇ ನಲ್ಲಿಯ ಹತ್ತಿರ ನಗಾಡಿದ್ದೇನೆ. ರುಚಿ ಹೋಗಬಾರದು ಅಂತ ಬಾಯಿ ಮುಚ್ಚಿಕೊಂಡಿದ್ದರು ಅಂತ ನನಗೇನು ಗೊತ್ತು? ಆಮೇಲೆ ಅವರ ಕಾಲು ಬಿದ್ದುಹೋಯಿತು. ಹಿತ್ತಲ ಓಣಿಗೆ ತೆರೆಯುವ ಕಿಟಕಿಯ ಹತ್ತಿರ ಮಂಚ ಹಾಕಿಸಿಕೊಂಡರು. ಮುಂದಿನ ಬೀದಿಯ ಕಿಟಕಿಯಲ್ಲಿ ಗಾಳಿ ಚೆನ್ನಾಗಿದೆ ಅಂದೆ, ಬೇಡ ಅಂದರು. ಹಿತ್ತಲ ಕಿಟಕಿಯೇ ಬೇಕು ಅಂದರು.

ಈಗ ಪಕ್ಕದ ಮನೆಯಾಕೆಯ ಸಂಗತಿ. ಇನ್ನೂ ಹತ್ತಿರ ಬಾ.

ಅವಳು ನಿನ್ನ ಹಾಗೇ ಒಂದು ಚೀಲ ಹಿಡಿದು ಈ ಊರಿಗೆ ಬಂದವಳು. ಒಬ್ಬಳೇ ಬಂದಳು. ಸೆರಗನ್ನು ಕತ್ತಿನವರೆಗೆ ಹೊದ್ದಿದ್ದಳು, ತಾಳಿ ಇದೆಯೋ ಇಲ್ಲವೋ ಕಾಣಿಸಲಿಲ್ಲ. ಕಾಣಿಸದೇ ಇದ್ದದ್ದನ್ನೇ ನಾನು ಮೊದಲು ನಲ್ಲಿಯ ಹತ್ತಿರ ಹೇಳಿದ್ದು. ಅವಳೂ ಬೀದಿ ಬೀದಿ ತಿರುಗಿದಳು. ಬೋರ್ಡಿನ ಅಂಗಡಿಗೆಲ್ಲ ಹೋಗಿ ಬಂದಳು. ಬರುವಾಗ ಪ್ರತಿ ಸಲ ಮುಖ ಇಳಿದಿರುತ್ತಿತ್ತು. ನನ್ನನ್ನೂ ಕೇಳಿದಳು.

"ದೊಡ್ಡಮ್ಮ, ಇಲ್ಲಿ ಒಳ್ಳೆ ಕಾಫಿ ಎಲ್ಲಿ ಸಿಗುತ್ತೆ? ನಮ್ಮೂರಲ್ಲಿ ಅಭ್ಯಾಸ ಆಗಿಬಿಟ್ಟಿದೆ. ಅದಿಲ್ಲದೆ ಬೆಳಗೇ ಆಗೋದಿಲ್ಲ."

ನಾನು ತುಟಿಯ ಮೇಲೆ ಬೆರಳಿಟ್ಟೆ. ಗೊತ್ತಿಲ್ಲ ಅಂದೆ. ನಿಜವಾಗಿ ಗೊತ್ತಿರಲಿಲ್ಲ, ಆದರೆ ಗೊತ್ತಿದ್ದವಳ ಗತ್ತಿನಲ್ಲಿ ಬೆರಳಿಟ್ಟೆ. ಊರಿನ ಎಲ್ಲರ ಹಾಗೆ ಬೆರಳಿಡುವ ಸುಖ ನನಗೆ ಆವರೆಗೆ ಸಿಕ್ಕಿರಲಿಲ್ಲ ನೋಡು.

ಹಾಗೆ ತಿರುಗುತ್ತಿದ್ದವಳು ಒಂದು ಬೆಳಗ್ಗೆ ಬದಲಾಗಿಬಿಟ್ಟಳು. ಮುಖ ತಿಳಿಯಾಗಿತ್ತು. ಬಾಯಿ ಮುಚ್ಚಿತ್ತು. ಮಾತಾಡಿಸಿದರೆ ತಲೆ ಆಡಿಸಿದಳು, ಊಟದ ಹೊತ್ತಿನವರೆಗೂ ತಲೆ ಆಡಿಸಿದಳು. ಈ ಊರಲ್ಲಿ ಹುಟ್ಟಿ ಬೆಳೆದ ಯಾವಳಿಗಾದರೂ ಆ ಮುಖ ಗುರುತು ಸಿಗುತ್ತದೆ. ಅದು ದಾರಿ ಸಿಕ್ಕವರ ಮುಖ. ಮರುದಿನ ಬೆಳಗ್ಗೆ ನೋಡಿದೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಟಳು. ಬರುವಾಗ ಬಲಗೈಯಲ್ಲಿ ಅಂಗೈ ಮುಚ್ಚಿದ ಲೋಟ ಇತ್ತು. ತನ್ನ ಮನೆಗೆ ಬರಲಿಲ್ಲ. ಹಿತ್ತಲ ಓಣಿಗೆ ತಿರುಗಿದಳು.

ತಾಯಿ ಇಲ್ಲ, ಅತ್ತೆ ಇಲ್ಲ, ಗಂಡ ಕಾಣಿಸಲಿಲ್ಲ. ಹಾಗಾದರೆ ಅವಳಿಗೆ ದಾರಿ ಯಾರು ಕೊಟ್ಟರು? ಕೊಡುವ ಗಂಡಸು ಯಾರು? ಏನು ಪಡೆದು ಕೊಟ್ಟ? ಅಯ್ಯೋ, ಆ ದಿನ ನನಗೆ ಊಟ ಸೇರಲಿಲ್ಲ ಕಣಪ್ಪ. ಹೊಟ್ಟೆ ತುಂಬ ಸುದ್ದಿ ಇತ್ತು.

ಹಿತ್ತಲ ಓಣಿಯಲ್ಲಿ ಇರುವುದು ದರ್ಜಿಯ ಮನೆ. ಹೆಂಡತಿ ಸತ್ತವನು, ಒಬ್ಬನೇ ಇರುವವನು, ತಲೆ ತಗ್ಗಿಸಿ ಹೊಲಿಯುವವನು. ಅಷ್ಟು ತಲೆ ತಗ್ಗಿಸುವವನ ಕಣ್ಣು ಎಲ್ಲಿರುತ್ತದೆ ಅಂತ ನಾನು ನಲ್ಲಿಯ ಹತ್ತಿರ ಕೇಳಿದೆ. ಕೊಡ ಹಿಡಿದು ನಿಂತವರೆಲ್ಲ ನಕ್ಕರು. ನಕ್ಕರೆ ನನಗೆ ಇನ್ನೂ ಒಂದು ಮಾತು ಹುಟ್ಟುತ್ತದೆ. ಮತ್ತೂ ನಕ್ಕರು. ಮತ್ತೂ ಹುಟ್ಟಿತು. ಹೂವಾಡಗಿತ್ತಿಯೊಬ್ಬಳೇ ನಗಲಿಲ್ಲ.

"ನೀವೇ ನೋಡಿದಿರಾ ಅಕ್ಕ?" ಅಂದಳು.

"ಓಣಿಗೆ ತಿರುಗಿದ್ದು ನೋಡಿದೆ."

"ಓಣಿಯಲ್ಲಿ ಅವನದೊಂದೇ ಮನೆಯಾ?"

"ಇನ್ನು ಯಾರದಿದೆ? ನಮ್ಮ ಹಿತ್ತಲು ಬಿಟ್ಟರೆ?"

ಅವಳು ನನ್ನ ಮುಖ ಒಂದು ಗಳಿಗೆ ನೋಡಿ, ತುಟಿಯ ಮೇಲೆ ಬೆರಳಿಟ್ಟಳು. ಈ ಬೆರಳು ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ನೀರಿನ ಸರದಿ ಬಂತು, ಕೊಡ ಇಟ್ಟೆ.

ಆಮೇಲೆ ಆದದ್ದು ಹೇಳಲು ನಾಚಿಕೆಯಾಗುತ್ತದೆ. ದರ್ಜಿಗೆ ರವಿಕೆ ಬಟ್ಟೆ ಕೊಡುವವರು ಕೊಡುವುದು ಬಿಟ್ಟರು. ಕೊಟ್ಟಿದ್ದವರು ಹೊಲಿಯದೇ ವಾಪಸು ತಂದರು. ಅವನ ಮಿಷನ್ನಿನ ಸದ್ದು ನಿಂತಿತು. ಆ ಸದ್ದು ನಿಂತ ಮೇಲೆ ಓಣಿ ಎಷ್ಟು ಸಪ್ಪೆಯಾಯಿತು ಅಂದರೆ, ನಮ್ಮ ಯಜಮಾನರು ಕೂಡ ಒಂದು ದಿನ ಕೇಳಿದರು, "ಅವನಿಗೆ ಹುಷಾರಿಲ್ಲವೇನೆ?" ಪಕ್ಕದ ಮನೆಯಾಕೆಯ ಕೊಡವನ್ನ ಸಾಲಿನ ಕೊನೆಗೆ ತಳ್ಳಿದರು. ಕುಂಕುಮಕ್ಕೆ ಕರೆಯುವಾಗ ಅವಳ ಬಾಗಿಲನ್ನ ದಾಟಿ ಹೋದರು. ಅವಳು ಮಾತ್ರ ದಿನಾ ಬೆಳಗ್ಗೆ ಸೆರಗು ಎಳೆದುಕೊಂಡು ಹೋದಳು, ಅಂಗೈ ಮುಚ್ಚಿಕೊಂಡು ಬಂದಳು, ಓಣಿಗೆ ತಿರುಗಿದಳು. ಹೋದಳು, ಬಂದಳು, ತಿರುಗಿದಳು. ನಾನು ಕಿಟಕಿಯಲ್ಲಿ ನಿಂತು ನೋಡಿದೆ.

ಒಮ್ಮೆ ಅಡ್ಡ ಹಾಕಿ ಕೇಳಿಯೂ ಬಿಟ್ಟೆ.

"ಅದು ಯಾರಿಗೆ ಒಯ್ಯುತ್ತೀಯಮ್ಮ?"

"ಕೊಟ್ಟವರಿಗೆ, ದೊಡ್ಡಮ್ಮ."

"ಅವರಿಗೆ ಹೆಸರಿಲ್ಲವೇ?"

"ಇದೆ. ಹೇಳಬೇಡ ಅಂದಿದ್ದಾರೆ. ಬಿಡಿ, ಆರಿಹೋಗುತ್ತೆ."

ಹೇಳಬೇಡ ಅಂದಿದ್ದಾರೆ ಅನ್ನುವ ಮಾತು ನನ್ನ ಕಿವಿಗೆ ಬಿದ್ದರೆ ಮುಗಿಯಿತು. ಅದು ಒಳಗೆ ಹೋಗಿ ಮರಿ ಹಾಕುತ್ತದೆ.

ಮರುದಿನ ಬೆಳಗ್ಗೆ ನಲ್ಲಿಯ ಹೆಂಗಸರನ್ನೆಲ್ಲ ಓಣಿಯ ಬಾಯಲ್ಲಿ ನಿಲ್ಲಿಸಿದೆ. ಕೊಡ ಹಿಡಿದೇ ನಿಂತರು, ನೀರಿಗೆ ಬಂದವರ ಹಾಗೆ. ನೀವು ಇಲ್ಲೇ ಇರಿ, ಅವಳು ದರ್ಜಿಯ ಬಾಗಿಲು ತಟ್ಟುವುದನ್ನ ನೀವೇ ಕಣ್ಣಾರೆ ನೋಡಿ, ನಾನು ಹಿಂದಿನಿಂದ ಬರುತ್ತೇನೆ ಅಂದೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅವಳ ಬೆನ್ನ ಹಿಂದೆ ಹೊರಟೆ.

ಎಲ್ಲಿ ತಿರುಗಿದಳು, ಎಲ್ಲಿ ನಿಂತಳು ಅಂತ ಹೇಳುವುದಿಲ್ಲ. ಹಾಗೆ ಮುಂದಕ್ಕೆ ಬಗ್ಗಬೇಡ. ನೀನು ಕಾಯುತ್ತಿರುವುದು ಅದಕ್ಕೇ ಅಂತ ಗೊತ್ತು. ಹೇಳುವುದಿಲ್ಲ.

ಕೊನೆಗೆ ಬುಸ್ಸೆನ್ನುವ ಸದ್ದು ಕೇಳಿಸಿತು. ಆವಿಯ ಸದ್ದು. ಆಮೇಲೆ ವಾಸನೆ ಬಂತು. ಅಪ್ಪಾ, ಆ ವಾಸನೆ! ಹುಟ್ಟಿದಾಗಿನಿಂದ ಈ ಊರಲ್ಲಿದ್ದೇನೆ, ಎಲ್ಲರ ಮನೆಯ ಒಗ್ಗರಣೆಯ ವಾಸನೆ ಹಿಡಿದು ಒಳಗೇನು ಬೇಯುತ್ತಿದೆ ಅಂತ ಹೇಳಬಲ್ಲೆ, ಇದೊಂದು ವಾಸನೆ ನನ್ನ ಮೂಗಿಗೆ ಬಿದ್ದಿರಲಿಲ್ಲ. ಒಂದು ಸಣ್ಣ ಬಾಗಿಲು. ಒಳಗೆ ಕಟ್ಟೆ, ಕಟ್ಟೆಯ ಹಿಂದೆ ಹೊಳೆಯುವ ಮಿಷನ್ನು, ಮಿಷನ್ನಿನ ಹಿಂದೆ ಕಾಫಿಯವನು. ಅವನು ಹಿಡಿಕೆ ಎಳೆಯುತ್ತಿದ್ದ, ಕೆಳಗೆ ಇಲಿಬಾಲದ ಹಾಗೆ ಸಣ್ಣ ಧಾರೆ ಇಳಿಯುತ್ತಿತ್ತು. ಅವಳ ಗುಟುಕನ್ನು ಕಟ್ಟೆಯ ಮೇಲೆ ಇಟ್ಟ. ಒಯ್ಯುವುದನ್ನ ಅವಳ ಕೈಗೆ ಕೊಟ್ಟ. ಅವಳು ತನ್ನದನ್ನ ಇನ್ನೂ ಎತ್ತಿರಲಿಲ್ಲ. ಆಗ ಅವನು ಅವಳ ಭುಜದಾಚೆ ನೋಡಿದ. ಆವಿ ನಿಲ್ಲಿಸಿದ.

"ನಿಮ್ಮ ಹಿಂದೆ ಯಾರೋ ಬಂದಿದ್ದಾರೆ" ಅಂದ.

ಅವಳು ತಿರುಗಿದಳು. ನನ್ನನ್ನ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಬಾಯಲ್ಲಿ ಉತ್ತರ ಸಿದ್ಧ ಮಾಡಿಕೊಂಡೆ. ಅವಳು ಬೈಯಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಹೇಳಿದೆನಲ್ಲ, ದಾರಿ ಹೋಗುವಾಗ ಬರುವ ನೀರು. ಅಂಗೈ ಮುಚ್ಚಿದ ಲೋಟ ಹಿಡಿದು ನನ್ನ ಪಕ್ಕದಿಂದಲೇ ಹೊರಗೆ ಬಂದಳು. ನಾಲ್ಕು ಹೆಜ್ಜೆ ಹೋಗಿ ಹಿಂತಿರುಗಿ ನೋಡಿದಳು. ನನಗೆ ಅಲ್ಲಿ ಬಾಗಿಲು ಕಾಣಿಸುತ್ತಿತ್ತು. ಅವಳು ಹತ್ತಿರ ಬಂದು, ಖಾಲಿ ಇದ್ದ ಎಡಗೈಯನ್ನ ತೆರೆದೇ ಇದ್ದ ಆ ಬಾಗಿಲ ನಡುವೆ ಇಟ್ಟು ಸವರಿದಳು. ಗೋಡೆ ಸವರುವ ಹಾಗೆ ಸವರಿದಳು. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ. ಅವಳು ಕುಡಿಯದೇ ಬಿಟ್ಟ ಗುಟುಕು ಒಳಗೆ ಕಟ್ಟೆಯ ಮೇಲೆ ಹಾಗೇ ಇತ್ತು. ಅದರ ಕೆನೆ ಒಡೆಯುತ್ತಿದ್ದದ್ದು ನನಗೆ ಕಾಣಿಸುತ್ತಿತ್ತು.

ಅಲ್ಲೇ ನಾನು ನಿಲ್ಲಬೇಕಿತ್ತು. ಯಾವ ಹೆಂಗಸಾದರೂ ನಿಲ್ಲುತ್ತಿದ್ದಳು. ನನ್ನ ಕಾಲು ನಿಲ್ಲಲಿಲ್ಲ ಕಣಪ್ಪ. ಆ ಇನ್ನೊಂದು ಲೋಟ ಯಾರಿಗೆ ಅಂತ ನೋಡಬೇಕಿತ್ತು. ಅವಳು ಗೋಡೆ ಬಿಟ್ಟು ಹೊರಟಳು, ಕೈಯಲ್ಲಿದ್ದದ್ದು ಬಿಸಿ ಇತ್ತಲ್ಲ, ಅಳುವುದಕ್ಕೂ ಹೊತ್ತಿರಲಿಲ್ಲ ಅವಳಿಗೆ. ನಾನೂ ಹೊರಟೆ. ಈಗ ಅಡಗಿಕೊಳ್ಳಲೂ ಇಲ್ಲ. ಅವಳು ಮುಂದೆ, ನಾನು ಹಿಂದೆ. ದಿಬ್ಬಣ ಹೋದ ಹಾಗೆ ಹೋದೆವು.

ಓಣಿಯ ಬಾಯಲ್ಲಿ ಕೊಡಗಳ ಸಾಲು. ಹೆಂಗಸರು ದಾರಿ ಬಿಟ್ಟರು. ದರ್ಜಿ ಸದ್ದು ಕೇಳಿ ಬಾಗಿಲಿಗೆ ಬಂದಿದ್ದ, ಕತ್ತಿಗೆ ಅಳತೆ ಪಟ್ಟಿ ಹಾಕಿಕೊಂಡೇ ಇದ್ದ ಪಾಪ, ಅಳೆಯಲು ಯಾರೂ ಬರದಿದ್ದರೂ. ನಾನು ಗಂಟಲು ಸರಿ ಮಾಡಿಕೊಂಡೆ. ಅವಳು ದರ್ಜಿಯ ಬಾಗಿಲಿಗೆ ಬಂದಳು. ದಾಟಿದಳು. ಅವನ ಕಡೆ ನೋಡಲೂ ಇಲ್ಲ. ಇನ್ನೂ ಮುಂದೆ ಹೋದಳು. ಓಣಿಯ ಕೊನೆಗೆ ಹೋದಳು. ಅಲ್ಲಿ ಒಂದು ಕಿಟಕಿ ಇತ್ತು. ಕಿಟಕಿಯ ಸರಳಿನ ನಡುವಿನಿಂದ ಒಂದು ಕೈ ಆಗಲೇ ಹೊರಗೆ ಚಾಚಿತ್ತು.

ಆ ಕೈ ನನಗೆ ಗೊತ್ತು. ಹೆಬ್ಬೆರಳ ಉಗುರಿಗೆ ಹಳೇ ಸುಣ್ಣದ ಬಿಳುಪು, ಕಿರುಬೆರಳು ಸ್ವಲ್ಪ ಸೊಟ್ಟ. ಆ ಕೈಗೆ ಕಂಕಣ ಕಟ್ಟಿದಾಗ ನಾನು ಪಕ್ಕದಲ್ಲಿ ಕೂತಿದ್ದೆ.

"ಬಂದೆಯಾ ತಾಯಿ? ಇವತ್ತು ತಡ ಆಯಿತಲ್ಲ" ಅಂತು ಒಳಗಿನ ದನಿ.

ಅವಳು ಲೋಟ ಕೊಟ್ಟಳು. "ಇದೇ ಕೊನೆ ಅಪ್ಪಾಜಿ" ಅಂದಳು.  ನನ್ನನ್ನ ತೋರಿಸಲೂ ಇಲ್ಲ. ಸೆರಗು ಎಳೆದುಕೊಂಡು ಅಷ್ಟು ಜನರ ನಡುವಿನಿಂದ ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕೊಡಗಳು ಒಂದಕ್ಕೊಂದು ತಗಲುವ ಸದ್ದು ಕೇಳಿಸಿತು, ಒಬ್ಬೊಬ್ಬರೇ ಹೋದರು. ದರ್ಜಿ ಕತ್ತಿನ ಪಟ್ಟಿ ತೆಗೆದು ಸುತ್ತಿ ಸುತ್ತಿ ಉಂಡೆ ಮಾಡಿಕೊಂಡು ಒಳಗೆ ಹೋದ. ಹೂವಾಡಗಿತ್ತಿ ಮಾತ್ರ ನಿಂತಿದ್ದಳು.

"ನಿನಗೆ ಗೊತ್ತಿತ್ತೇನೆ?" ಅಂದೆ.

"ಹೂವಿಗೆ ಬಂದಾಗಲೆಲ್ಲ ನಿಮ್ಮವರ ಮೈಮೇಲೆ ಆ ವಾಸನೆ ಇರ್ತಿತ್ತು ಅಕ್ಕ. ಮನೆಗೆ ಹೋಗೋ ಮುಂಚೆ ಹೂವು ಉಜ್ಜಿಕೊಂಡು ಅದನ್ನ ಅಡಗಿಸ್ತಿದ್ದರು. ಬೀದಿಗೆಲ್ಲ ಗೊತ್ತಿತ್ತು. ನಿಮ್ಮ ಬಾಯಿಗೆ ಹೆದರಿ ನಿಮಗೊಬ್ಬರಿಗೆ ಹೇಳಲಿಲ್ಲ."

"ಹಾಗಾದರೆ ನಾನು ದರ್ಜಿ ಅಂದಾಗ ನಕ್ಕರಲ್ಲ, ಅದು?"

"ಅದು ನಿಮ್ಮನ್ನ ನೋಡಿ ನಕ್ಕಿದ್ದು."

ಹಾಗಾದರೆ ಆ ದರ್ಜಿಗೆ ಬಟ್ಟೆ ಕೊಡುವುದನ್ನ ಯಾಕೆ ಬಿಟ್ಟರು ಅಂತ ಕೇಳಲು ಬಾಯಿ ತೆರೆದೆ. ಮುಚ್ಚಿಕೊಂಡೆ. ಸುಳ್ಳು ಅಂತ ಗೊತ್ತಿದ್ದೂ ನನ್ನ ಮಾತಿಗೆ ಹೆದರಿ ಬಿಟ್ಟಿದ್ದರು. ನಾಳೆ ಇವಳು ನನ್ನ ಹೆಸರೂ ಸೇರಿಸುತ್ತಾಳೆ ಅಂತ ಒಬ್ಬೊಬ್ಬರೂ ಹೆದರಿ.

ಅಂಗೈಯ ಬಿಸಿ ಸ್ವಲ್ಪ ಇಳಿದಿದೆ. ಇರಲಿ, ಇನ್ನು ಸ್ವಲ್ಪವೇ ಇದೆ.

ಒಳಗೆ ಹೋದೆ. ಯಜಮಾನರು ಗುಟುಕು ಕುಡಿದಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಒಳಗೆ ನೋಡುತ್ತ ಕೂತಿದ್ದರು. ಕಾಲು ಬಿದ್ದ ಮೇಲೆ ಆ ಮನುಷ್ಯನಿಗೆ ಇದ್ದ ಬೆಳಗು ಅದೊಂದೇ. ಅದನ್ನ ನಾನು ಈಗಷ್ಟೇ ಗೋಡೆ ಮಾಡಿ ಬಂದಿದ್ದೆ.

"ನಾನು ನಿಮ್ಮ ಹೆಂಡತಿ" ಅಂದೆ. "ದಾರಿಯನ್ನ ನನಗೆ ಕೊಡಬೇಕಿತ್ತು. ಬೀದೀಲಿ ಹೋಗೋಳಿಗೆ ಕೊಟ್ಟಿರಲ್ಲ."

"ಅವಳು ಕಿಟಕಿ ಹತ್ತಿರ ನೀರು ಕೇಳೋಕೆ ಬಂದಳು. ಏನು ಹುಡುಕ್ತಿದೀಯ ತಾಯಿ ಅಂದೆ. ಒಳ್ಳೆ ಕಾಫಿ ಅಂದಳು. ಊರಲ್ಲಿ ಯಾರೂ ಹೇಳಲಿಲ್ಲ ಅಂತ ಒಬ್ಬರನ್ನೂ ಬೈಯಲಿಲ್ಲ ಕಣೆ ಅವಳು. ಅದಕ್ಕೇ ಕೊಟ್ಟೆ."

"ನಾನು ತಂದುಕೊಡುತ್ತಿರಲಿಲ್ಲವೇ?"

ಅವರು ಲೋಟವನ್ನ ಕಿಟಕಿಯ ದಂಡೆಯ ಮೇಲೆ ಇಟ್ಟರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೂ ಏರಿಸಲು ಬರುತ್ತದೆ.

"ನಿನಗೆ ಕೊಟ್ಟಿದ್ದರೆ ಸಂಜೆಯೊಳಗೆ ನೀನು ಇನ್ನೊಬ್ಬಳ ಕಿವೀಲಿ ಹೇಳಿರ್ತಿದ್ದೆ. ಅಲ್ಲಿಗೆ ನಿನಗೂ ದಾರಿ ಇಲ್ಲ, ನನಗೂ ಗುಟುಕಿಲ್ಲ. ನಿನಗೆ ಕೊಡಬಾರದು ಅಂತಲ್ಲ. ಕೊಡಬೇಕು ಅಂತ ಅಮ್ಮನೂ ಹಂಬಲಿಸಿದಳು, ನಾನೂ ಹಂಬಲಿಸಿದೆ. ನೀನು ಒಂದೇ ಒಂದು ಮಾತನ್ನ ಹೊಟ್ಟೇಲಿ ಇಟ್ಟುಕೊಂಡಿದ್ದು ನೋಡಿದರೆ ಮರುದಿನವೇ ಕೊಡೋಣ ಅಂತ ಕಾದೆವು. ಕಾದೆವು."

ಅಷ್ಟು ಹೇಳಿ ಕುಡಿದರು. ಬಾಯಿ ಮುಚ್ಚಿಕೊಂಡರು.

ಈಗ ದಾರಿ ನನಗೆ ಬಂದಿತ್ತಲ್ಲ. ಅವಳಿಂದ ಹೋದದ್ದು ನನಗೇ ಬಂದಿತ್ತು. ಮರುದಿನ ಬೆಳಗ್ಗೆ ಸ್ನಾನ ಮಾಡಿ ಹೊರಟೆ. ಕಾಲು ತಾನೇ ತಿರುಗಿತು. ಬಾಗಿಲು ಬಾಗಿಲಾಗಿಯೇ ಇತ್ತು. ಮೊದಲ ಸಲ ಬಂದವರನ್ನ ಕಾಫಿಯವನು ಒಂದು ಮಾತು ಕೇಳುತ್ತಾನೆ, ಕೇಳದೆ ಹಿಡಿಕೆ ಎಳೆಯುವುದಿಲ್ಲ.

"ಯಾರ ದಾರಿಯಿಂದ ಬಂದಿರಿ?"

ಎಲ್ಲರೂ ತಾಯಿಯ ದಾರಿಯಿಂದ, ಅತ್ತೆಯ ದಾರಿಯಿಂದ ಅಂತ ಹೇಳುತ್ತಾರೆ. ಕಟ್ಟೆಯ ಹತ್ತಿರ ನಿಂತಿದ್ದವರು ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಪಕ್ಕದ ಮನೆಯಾಕೆಯ ದಾರಿಯಿಂದ" ಅಂದೆ.

"ಕೊಟ್ಟಳೇ?"

ಸುಳ್ಳು ಹೇಳಲು ನನಗೆ ಕಷ್ಟವಿಲ್ಲ. ನನ್ನ ನಾಲಿಗೆ ಎಂಥದ್ದು ಅಂತ ಬೀದಿಯವರೇ ಹೇಳುತ್ತಾರೆ. ಆದರೆ ಆ ವಾಸನೆಯ ನಡುವೆ ನಿಂತು ಸುಳ್ಳು ಹೊರಡಲಿಲ್ಲ.

"ಕೊಡಲಿಲ್ಲ. ಬೆನ್ನ ಹಿಂದೆ ಬಂದು ಕಿತ್ತುಕೊಂಡೆ."

ಅವನು ತಲೆ ಆಡಿಸಿದ. ಹಿಡಿಕೆ ಎಳೆದ. ಒಂದು ಲೋಟ ಇಟ್ಟು, "ಇದು ಅಪ್ಪಾಜಿಗೆ" ಅಂದ. ಇನ್ನೊಂದು ಇಟ್ಟು, "ಇದು ಆ ತಾಯಿಗೆ" ಅಂದ. ನಾನು ಮೂರನೆಯದಕ್ಕೆ ಕಾದೆ. ಅವನು ಕಟ್ಟೆ ಒರೆಸಿದ.

"ನನಗೆ?" ಅಂದೆ.

"ಕಿತ್ತುಕೊಂಡ ದಾರಿಯಲ್ಲಿ ಒಯ್ಯುವುದಕ್ಕೆ ಮಾತ್ರ ಸಿಗುತ್ತದೆ ಅಮ್ಮ. ಕುಡಿಯೋಕೆ ಸಿಗೋದಿಲ್ಲ" ಅಂದ. ಅವನ ದನಿಯಲ್ಲಿ ಕೋಪ ಇರಲಿಲ್ಲ. ಮಳೆ ಬರುವ ಹಾಗಿದೆ ಅನ್ನುವ ಹಾಗೆ ಅಂದ.

ಅವತ್ತಿನಿಂದ ದಿನಾ ಕೇಳುತ್ತಾನೆ. ಉಳಿದವರನ್ನ ಒಂದೇ ಸಲ ಕೇಳುವುದು, ನನ್ನನ್ನ ದಿನಾ. ಯಾರ ದಾರಿಯಿಂದ ಬಂದಿರಿ? ದಿನಾ ಹೇಳುತ್ತೇನೆ. ಕೊಟ್ಟಳೇ? ಕಿತ್ತುಕೊಂಡೆ. ಎರಡು ಲೋಟ ಬರುತ್ತದೆ. ಎರಡು ಅಂಗೈ ಮುಚ್ಚುತ್ತೇನೆ. ಮಿಷನ್ನಿನ ಆವಿ ಸೆರಗಿಗೆ ಹತ್ತಿಕೊಂಡು ಮನೆಗೆ ಬರುತ್ತದೆ. ರಾತ್ರಿ ಮಲಗುವಾಗ ಸೆರಗು ಮೂಗಿಗೆ ಹಿಡಿದುಕೊಳ್ಳುತ್ತೇನೆ, ನನ್ನ ಪಾಲಿಗೆ ಇರುವುದು ಅಷ್ಟೇ. ಒಂದು ದಿನ ದಾರಿಯಲ್ಲಿ ಒಂದು ಹನಿ ನೆಕ್ಕಿ ನೋಡೋಣ ಅಂತ ಲೋಟ ಬಾಯಿಯವರೆಗೆ ತಂದೆ. ಆಮೇಲೆ ಅಂಗೈ ಮುಚ್ಚಿದೆ. ಯಾಕೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ.

ದರ್ಜಿಗೆ ರವಿಕೆ ಬಟ್ಟೆ ತೆಗೆದುಕೊಂಡು ಹೋದೆ. ಬೀದಿಯವರು ನೋಡಲಿ ಅಂತ ನಡುಹಗಲಲ್ಲೇ ಹೋದೆ. ಅವನು ತಲೆ ತಗ್ಗಿಸಿಯೇ ಅಳತೆ ತೆಗೆದ, ತಲೆ ತಗ್ಗಿಸಿಯೇ ಹೊಲಿದುಕೊಟ್ಟ. ಇದೇ ಅದು, ನೋಡು, ತೋಳು ಸರಿಯಾಗಿ ಕೂತಿದೆ. ಒಂದು ಕಡೆಯೂ ಬಿಗಿ ಹಿಡಿಯುವುದಿಲ್ಲ. ಬಿಗಿ ಹಿಡಿಯುವ ಹಾಗೆ ಹೊಲಿದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಮ್ಮ ಯಜಮಾನರು ದಿನಾ ಕೈ ಚಾಚುತ್ತಾರೆ. ಕಿಟಕಿಯಿಂದ ಹೊರಗೇ ಚಾಚುತ್ತಾರೆ, ನಾನು ಅದೇ ಮನೆಯವಳಾದರೂ ಓಣಿ ಸುತ್ತಿ ಬಂದು ಹೊರಗಿನಿಂದಲೇ ಕೊಡುತ್ತೇನೆ. ಆರಿದ್ದರೂ ಕುಡಿಯುತ್ತಾರೆ. 

ನಿನಗೆ ದಾರಿ ಹೇಳುವುದಿಲ್ಲ ಮಗಾ. ಆ ಚೀಲ ಎತ್ತಿಕೋ. ನಾಲಿಗೆಯ ತುದಿಗೆ ಬಂದಿದೆ, ಸುಳ್ಳು ಹೇಳುವುದಿಲ್ಲ, ಮೊದಲ ತಿರುವಿನ ಗುರುತು ಬಾಯಲ್ಲೇ ಇದೆ. ಅದನ್ನ ಹೇಳಿದರೆ ನೀನು ಕುಡಿಯುತ್ತೀ, ಎರಡು ಕಿಟಕಿಯಲ್ಲಿ ಎರಡು ಕೈ ಹಾಗೇ ಚಾಚಿಕೊಂಡಿರುತ್ತವೆ. ಇದೊಂದು ಮಾತು ಹೊಟ್ಟೆಯಲ್ಲಿ ನಿಂತಿದೆ. ನನ್ನ ಆಯಸ್ಸಿಗೆ ನಿಂತದ್ದು ಇದೊಂದೇ. ನೀನು ಹುಡುಕು. ಯಾರೂ ಹೇಳದಿದ್ದರೂ ಬೈಯಬೇಡ. ಯಾವುದಾದರೂ ಕಿಟಕಿಯಲ್ಲಿ ನಡೆಯಲಾರದವರು ಒಬ್ಬರು ಕೂತಿರುತ್ತಾರೆ, ಅವರ ಹತ್ತಿರ ನೀರು ಕೇಳು.

ಅಯ್ಯೋ, ಅಂಗೈ ತಣ್ಣಗಾಗಿಹೋಯಿತು. ನೋಡು, ಮುಟ್ಟಿ ನೋಡು. ದಾರಿ ಹೇಳಲಿಲ್ಲ, ಸರಿ. ಆದರೆ ಉಳಿದದ್ದೆಲ್ಲ ಹೇಳಿಬಿಟ್ಟೆನಲ್ಲ.

ಮೊದಲ ದಿನವೂ ಹೀಗೇ ಆಯಿತು. ಗುಟುಕು ಹಿಡಿದು ಬರುವಾಗ ನಲ್ಲಿಯ ಹತ್ತಿರ ಹೆಂಗಸರು ನಿಂತಿದ್ದರು. ನನ್ನ ತಪ್ಪು ನಾನು ಒಪ್ಪಿಕೊಂಡೆ, ಕಾಫಿಯವನ ಮುಂದೆ ನಿಂತು ನಿಜ ಹೇಳಿದೆ, ನನ್ನಷ್ಟು ಯಾರು ಹೇಳುತ್ತಾರೆ ಅಂತ ಅವರಿಗೆ ಒಂದೆರಡು ಮಾತು ತಿಳಿಸೋಣ ಅಂತ ನಿಂತೆ. ಆಮೇಲೆ ಪಕ್ಕದ ಮನೆಯಾಕೆಯ ಬಾಗಿಲು ತಟ್ಟಿದೆ. ತೆರೆದಳು. ಕತ್ತಿನವರೆಗೂ ಸೆರಗು ಹಾಗೇ ಇತ್ತು. ನಾನು ಲೋಟ ಚಾಚಿದೆ, ತಲೆ ತಗ್ಗಿಸಿದೆ. ಕಾಲು ಮುಟ್ಟೋಣ ಅಂತಲೂ ಇದ್ದೆ, ವಯಸ್ಸಿನಲ್ಲಿ ನಾನು ದೊಡ್ಡವಳಾದರೂ. ಅವಳು ಲೋಟ ತೆಗೆದುಕೊಂಡು ತುಟಿಗೆ ತಾಗಿಸಿ ಇಳಿಸಿದಳು. ಒಳಗೆ ನೋಡಿದಳು. ಕೆನೆ ಇರಲಿಲ್ಲ. ಬೈಗುಳಕ್ಕೆ ನಾನು ಸಿದ್ಧವಾಗಿದ್ದೆ, ಅಳುವುದಕ್ಕೂ ಸಿದ್ಧವಾಗಿದ್ದೆ. ಅವಳು ನನ್ನ ಮುಖಕ್ಕೆ ಮುಖ ಕೊಟ್ಟು, ಮೆಲ್ಲಗೆ ಅಂದಳು:

"ಆರಿಹೋಗಿದೆ ದೊಡ್ಡಮ್ಮ. ದಾರೀಲಿ ಇವತ್ತು ಯಾರ ಮನೆ ಸುದ್ದಿ ಇತ್ತು?"